ತಟ್ಟೆಯಮ್ಮನೂ ತಡವಾಗಿ ಬರುವ ಹೂಂಗಳೂ

ಗುಡ್ಡದ ಮೇಲೊಂದು ತಟ್ಟೆ ಇದೆ. ಊಟದ ತಟ್ಟೆಯಲ್ಲ. ನಾಲ್ಕು ಆಳು ಕೈಕೈ ಹಿಡಿದು ನಿಂತರೂ ಈ ಅಂಚಿನಿಂದ ಆ ಅಂಚು ಮುಟ್ಟದಷ್ಟು ಅಗಲದ್ದು. ಮೈಯೆಲ್ಲ ಬಿಳಿ, ಮುಖ ಸದಾ ಆಕಾಶಕ್ಕೆ. ಕಣ್ಣಿಗೆ ಕಾಣದ ಎತ್ತರದಲ್ಲಿ ಒಂದು ಉಪಗ್ರಹ ಇದೆಯಂತೆ, ಅದರ ಕಡೆ ಇದು ಕತ್ತೆತ್ತಿಕೊಂಡು ನೋಡುತ್ತಲೇ ಇರುತ್ತದೆ. ಸುತ್ತ ನೀರಿರುವ ಊರು ಅದು. ಅಲ್ಲಿಂದ ಆಚೆ ಹೋಗುವ ಮಾತು, ಪತ್ರ, ಪಟ ಯಾವುದೇ ಇರಲಿ, ಈ ತಟ್ಟೆಯಿಂದಲೇ ಹಾರಬೇಕು. ಒಳಗೆ ಬರುವುದೂ ಇದರಲ್ಲೇ ಬೀಳಬೇಕು. ಇದನ್ನು ನೋಡಿಕೊಳ್ಳುವ ಹೆಂಗಸಿಗೆ ಊರವರು ಇಟ್ಟ ಹೆಸರು ತಟ್ಟೆಯಮ್ಮ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಈಗ ಅದು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿದೆ.

ತಟ್ಟೆಯಮ್ಮನಿಗೆ ಐವತ್ತನಾಲ್ಕು. ಹತ್ತೊಂಬತ್ತನೇ ವಯಸ್ಸಿಗೆ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದವಳು. ಆಗ ತಂತಿ ಎಳೆದು ಈ ತೂತಿನಿಂದ ಆ ತೂತಿಗೆ ಸಿಕ್ಕಿಸುವ ಕಾಲ. ಯಾರ ಮನೆಯಿಂದ ಯಾರ ಮನೆಗೆ ಎಷ್ಟು ಹೊತ್ತಿಗೆ ಫೋನು ಹೋಗುತ್ತದೆ ಅನ್ನುವುದು ಅವಳ ಬೆರಳಿಗೆ ಗೊತ್ತಿತ್ತು. ಆದರೂ ಒಂದು ಮಾತು ಹೊರಗೆ ಬಿದ್ದದ್ದಿಲ್ಲ. ಗಂಡನನ್ನು ಅವಳು ಮೊದಲು ಕಂಡದ್ದೂ ಕಿವಿಯಿಂದಲೇ. ಹಡಗಿನ ಅಡುಗೆಯವನು, ಎರಡು ಮೂಟೆ ಈರುಳ್ಳಿ ಹೇಳಲು ಬಂದರಿನಿಂದ ಫೋನು ಮಾಡಿದ. ಅಂಗಡಿಯವನು ಎತ್ತಲಿಲ್ಲ. "ಅಂಗಡಿಯವರು ಎತ್ತುತ್ತಿಲ್ಲ ಸಾರ್" ಅಂದಳು ಇವಳು. "ಪರವಾಗಿಲ್ಲ, ನೀವೇ ಮಾತಾಡಿ" ಅಂದ ಅವನು. ಈರುಳ್ಳಿ ಅಂಗಡಿಯಲ್ಲೇ ಉಳಿಯಿತು, ಮದುವೆ ಆಯಿತು.

ಎಕ್ಸ್‌ಚೇಂಜು ಮುಚ್ಚಿ, ಗುಡ್ಡದ ಮೇಲೆ ತಟ್ಟೆ ಬಂದಾಗ ಉಳಿದವರೆಲ್ಲ ಬೇರೆ ಬೇರೆ ಕೆಲಸ ಹಿಡಿದರು. ಇವಳೊಬ್ಬಳು ಹೊಸ ವಿದ್ಯೆ ಕಲಿತು ಗುಡ್ಡ ಹತ್ತಿದಳು. ನೂರ ಹನ್ನೆರಡು ಮೆಟ್ಟಿಲು. ಮೇಲೆ ಹೋಗಿ ಮೊದಲು ಉದ್ದ ಕೋಲಿಗೆ ಕಟ್ಟಿದ ಬ್ರಷ್ಷಿನಿಂದ ಹಕ್ಕಿ ಹಿಕ್ಕೆ ಉಜ್ಜುವುದು. ಆಮೇಲೆ ಯಂತ್ರಗಳು ಗುಂಯ್ ಅನ್ನುವ ಕೋಣೆಯೊಳಗೆ ಹೋಗಿ, ದಿಂಬು ಹರಿದ ಕುರ್ಚಿಯಲ್ಲಿ ಕೂತು ಪರದೆ ನೋಡುವುದು. ಕಿಟಕಿಯಿಂದ ಬಂದರು, ಆಸ್ಪತ್ರೆಯ ಹೆಂಚು, ತನ್ನ ಮನೆಯ ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆ ಎಲ್ಲ ಕಾಣುತ್ತದೆ. ಮಳೆ ಹನಿ ಬಿದ್ದರೆ ಮೇಲಿನಿಂದಲೇ ಮನೆಗೆ ಫೋನು: "ಅತ್ತೆ, ಬಟ್ಟೆ!"

ಅತ್ತೆ ಅಂದರೆ ಗಂಡನ ತಾಯಿ. ಎಪ್ಪತ್ತೆಂಟು. ಗಂಡ ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ, ಆದ್ದರಿಂದ ಮನೆಯಲ್ಲಿ ಇವರಿಬ್ಬರೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಇವರ ಮನೆಯಲ್ಲಿ ಎರಡೂ ಕಾಲ ಒಟ್ಟಿಗೇ ನಡೆಯುತ್ತಿತ್ತು. ಬೆಳಗ್ಗೆ ಅತ್ತೆಯದು, ಸಂಜೆ ಸೊಸೆಯದು. ಅತ್ತೆ ಮಾತಿನ ಮಲ್ಲಿ. ಹಿಂದೆ ಬೀದಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಕತೆ ಹೇಳುತ್ತಿದ್ದವಳು. ಹೂಂಗುಟ್ಟದ ಮಗುವಿಗೆ ಅವಳ ಜಗಲಿಯಲ್ಲಿ ಜಾಗವಿರಲಿಲ್ಲ.

ಇಂಥ ಅತ್ತೆಗೆ ಹೋದ ವರ್ಷ ತಲೆಯೊಳಗೆ ಒಂದು ಗಂಟು ಕಾಣಿಸಿಕೊಂಡಿತು. ದೊಡ್ಡ ಊರಿನ ಆಸ್ಪತ್ರೆಗೆ ಹೋಗಬೇಕು. ದೋಣಿಯಲ್ಲಿ ಒಂಬತ್ತು ಗಂಟೆ. ಮಗ ಬದುಕಿಡೀ ಸಮುದ್ರದ ಮೇಲೆ ಅನ್ನ ಬೇಯಿಸಿದವನು, ತಾಯಿಗೆ ಮಾತ್ರ ದಡದಲ್ಲಿ ಕಟ್ಟಿದ ದೋಣಿ ನೋಡಿದರೂ ತಲೆ ಸುತ್ತು. ಹೋಗುವಾಗ ಒಂಬತ್ತು ಗಂಟೆ, ಗಂಟು ತೆಗೆಸಿಕೊಂಡು ಬರುವಾಗ ಒಂಬತ್ತು ಗಂಟೆ, ಕರುಳು ಬಾಯಿಗೆ ಬರುವ ಹಾಗೆ ವಾಂತಿ. ಮನೆಗೆ ಬಂದ ಮೇಲೆ ಮೂರು ದಿನ ಅತ್ತೆ ಬಾಯಿ ಬಿಡಲಿಲ್ಲ. ಆ ಮೂರು ದಿನ ಮನೆ ಎಷ್ಟು ಖಾಲಿ ಅನ್ನಿಸಿತ್ತೆಂದರೆ, ತಟ್ಟೆಯಮ್ಮ ಬೇಕೆಂದೇ ಒಂದು ಪಾತ್ರೆ ಕೈತಪ್ಪಿಸಿ ಬೀಳಿಸಿದಳು, ಬೈಯಲಿ ಎಂದು. ನಾಲ್ಕನೇ ದಿನ ಅತ್ತೆ ಹೇಳಿದ ಮೊದಲ ಮಾತು ಇದು: "ಇನ್ನೊಂದು ಸಲ ಆ ದೋಣಿ ಹತ್ತಲ್ಲ ಕಣೇ. ಗಂಟು ಮತ್ತೆ ಬೆಳೆದರೆ ಬೆಳೆಯಲಿ."

ಹತ್ತುವ ಪ್ರಮೇಯ ಬರಲಿಲ್ಲ, ಅದೃಷ್ಟ. ಆ ಹೊತ್ತಿಗೇ ಊರ ಆಸ್ಪತ್ರೆಗೊಂದು ಸ್ಕ್ಯಾನ್ ಯಂತ್ರ ಬಂತು. ಎರಡು ತಿಂಗಳಿಗೊಮ್ಮೆ ತಲೆಯ ಚಿತ್ರ ತೆಗೆದು ತಟ್ಟೆಯ ಮೇಲಿಂದ ದೊಡ್ಡ ಊರಿಗೆ ಕಳಿಸುವುದು, ಗಂಟು ಮತ್ತೆ ಬಂದಿದೆಯೇ ಎಂದು ಅಲ್ಲಿಯ ಡಾಕ್ಟರಮ್ಮ ನೋಡಿ ವರದಿ ಬರೆಯುವುದು. ಚಿತ್ರ ತೆಗೆಯುವವನನ್ನು ಊರವರು ಎಕ್ಸ್‌ರೇ ಮೇಷ್ಟ್ರು ಅನ್ನುತ್ತಿದ್ದರು. ಪಾಠ ಹೇಳುವ ಮೇಷ್ಟ್ರಲ್ಲ. "ಉಸಿರು ಹಿಡಿ! ಬಿಡು! ಅಲ್ಲಾಡಬೇಡ!" ಎಂದು ಡ್ರಿಲ್ಲು ಮಾಡಿಸುವ ಗಂಟಲಿಗೆ ಬಂದ ಬಿರುದು.

ಎಲ್ಲ ಸರಿ, ಒಂದು ಕೊರತೆ. ಚಿತ್ರ ಹೋಗಿ ಮುಟ್ಟಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಡಾಕ್ಟರಮ್ಮ ಹೊರಗಿನ ಊರುಗಳ ಚಿತ್ರ ನೋಡಲು ಕೂರುವುದು ಬೆಳಗ್ಗೆ ಒಂದೇ ಗಂಟೆ. ಇವರ ಚಿತ್ರ ಮುಟ್ಟುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಿದ್ದರು. ವರದಿ ನಾಳೆ, ನಾಡಿದ್ದು, ಒಮ್ಮೊಮ್ಮೆ ವಾರ. ಕಡೆಗೆ ದೊಡ್ಡ ಆಸ್ಪತ್ರೆಯಿಂದ ಪತ್ರ ಬಂತು. ತಿಂಗಳ ಕೊನೆಗೆ ಒಂದು ಪರೀಕ್ಷೆ. ಅರ್ಧ ಗಂಟೆಯೊಳಗೆ ಚಿತ್ರ ಮುಟ್ಟಿದರೆ ಸರಿ, ಇಲ್ಲದಿದ್ದರೆ ಈ ಏರ್ಪಾಡು ನಿಲ್ಲುತ್ತದೆ. ಓದುವವರಿಲ್ಲದ ಮೇಲೆ ಯಂತ್ರ ಯಾಕೆ? ಅದನ್ನು ಬೇರೆ ಊರಿಗೆ ಸಾಗಿಸುತ್ತಾರೆ.

ಅಂದರೆ ಅತ್ತೆಗೆ ಮತ್ತೆ ದೋಣಿ. ಅತ್ತೆ ಹತ್ತುವವಳಲ್ಲ ಅನ್ನುವುದು ತಟ್ಟೆಯಮ್ಮನಿಗೆ ಗೊತ್ತಿತ್ತು. ಗಂಟು ಮತ್ತೆ ಬೆಳೆದರೂ ಯಾರಿಗೂ ತಿಳಿಯುವುದಿಲ್ಲ.

ತಟ್ಟೆಗಳ ಮೇಲ್ವಿಚಾರಣೆಯ ಹಿರಿಯ ಇಂಜಿನಿಯರು ದೊಡ್ಡ ಊರಲ್ಲಿದ್ದರು. ಒಳ್ಳೆಯ ಮನುಷ್ಯ. "ನಿಮ್ಮ ಆಕಾಶದ ದಾರಿ ಇಕ್ಕಟ್ಟಾಗಿದೆ ಮೇಡಂ, ಅಗಲ ಮಾಡಿಸ್ತೀನಿ" ಅಂದರು. ನುಡಿದಂತೆ ನಡೆದರು ಕೂಡ. ಹತ್ತು ಪಟ್ಟು ಅಗಲ ಮಾಡಿಸಿದರು. ಕಾಲುದಾರಿ ಇದ್ದದ್ದು ಹೆದ್ದಾರಿ ಆಯಿತು. ಎಕ್ಸ್‌ರೇ ಮೇಷ್ಟ್ರು ಅಂದೇ ಒಂದು ಚಿತ್ರ ಕಳಿಸಿ, ಗಡಿಯಾರ ಹಿಡಿದು ಕೂತ. ಮೊದಲು ಹಿಡಿಯುತ್ತಿದ್ದದ್ದು ತೊಂಬತ್ತು ನಿಮಿಷ. ಈಗ ಹಿಡಿದದ್ದು? ತೊಂಬತ್ತು ನಿಮಿಷ.

"ಅಕ್ಕಾ, ನಿಮ್ಮ ಹೆದ್ದಾರೀಲಿ ಎಮ್ಮೆ ಮಲಗಿದೆ" ಅಂದ ಅವನು ಫೋನಿನಲ್ಲಿ.

"ನಿನ್ನ ಕಡೆ ಗಾಡೀಲೇ ಎತ್ತು ಕಟ್ಟಿಲ್ಲವೇನೋ ನೋಡ್ಕೋ" ಅಂದಳು ಇವಳು. ಬಾಯಲ್ಲಿ ಜಗಳ, ಇಬ್ಬರಿಗೂ ಒಳಗೆ ದಿಗಿಲು. ಪರದೆಯ ಮೇಲೆ ದಾರಿ ಮುಕ್ಕಾಲು ಪಾಲಿಗಿಂತ ಹೆಚ್ಚು ಖಾಲಿ ಬಿದ್ದಿತ್ತು. ಖಾಲಿ ದಾರಿ, ತೆವಳುವ ಗಾಡಿ! ಇಂಜಿನಿಯರನ್ನು ಕೇಳಿದರೆ ಅವರೂ ತಲೆ ಕೆರೆದುಕೊಂಡರು. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು.

ಭಾನುವಾರ ಮಧ್ಯಾಹ್ನ ಗಂಡನ ಫೋನು ಬಂತು. ಹಡಗಿನ ಜನಕ್ಕೆಲ್ಲ ಬಡಿಸಿ, ಕೈ ತೊಳೆದು ಮಾಡುವ ಫೋನು ಅದು. ಆ ಫೋನಿನದ್ದೊಂದು ಪೇಚಿದೆ. ಅವನ ಮಾತು ಹಡಗಿನಿಂದ ಆಕಾಶಕ್ಕೆ ಏರಿ, ದೂರದ ನೆಲಕ್ಕಿಳಿದು, ಮತ್ತೆ ಏರಿ, ಊರಿನ ತಟ್ಟೆಗೆ ಬೀಳಬೇಕು. ಇವಳ ಉತ್ತರಕ್ಕೂ ಅಷ್ಟೇ ದಾರಿ. ಒಂದು ಮಾತು ಹೇಳಿ ಅದಕ್ಕೆ ಹೂಂ ಕೇಳಿಸಿಕೊಳ್ಳಲು ಒಂದು ಸೆಕೆಂಡಿಗೂ ಮೇಲೆ ಕಾಯಬೇಕು. ಕೇಳಲು ಎಷ್ಟರ ಮಾತು ಅನ್ನಿಸುತ್ತದೆ. ಎದುರಿಗೆ ಕೂತವರು ಪ್ರತಿ ಮಾತಿಗೂ ಅಷ್ಟು ಹೊತ್ತು ಸುಮ್ಮನಿದ್ದು ನೋಡಲಿ, ಆಗ ಗೊತ್ತಾಗುತ್ತದೆ.

ಅದರ ಮೇಲೆ ಇವನು ಕತೆಗಾತಿಯ ಮಗ. ಹೂಂ ಬೀಳದೆ ಮುಂದಿನ ಮಾತು ಹೊರಡದು.

"ಕ್ಯಾಪ್ಟನ್ ಬ್ರೆಡ್ ಕಚ್ಚಿದ."

ಮೌನ.

"ಇದೀಯಾ?" ಅಂದ ಅವನು. ಅಷ್ಟರಲ್ಲಿ ಇವಳ "ಹೂಂ" ಬಂದು ಅವನ "ಇದೀಯಾ"ಗೆ ಡಿಕ್ಕಿ ಹೊಡೆಯಿತು. ಇಬ್ಬರೂ ನಿಂತರು. ಇಬ್ಬರೂ ಒಟ್ಟಿಗೇ "ಹೇಳು", "ಹೇಳಿ" ಅಂದರು. ಮತ್ತೆ ಇಬ್ಬರೂ ನಿಂತರು.

"ಕ್ಯಾಪ್ಟನ್ ಬ್ರೆಡ್ ಕಚ್ಚಿದ," ಅಂದ ಅವನು ಮತ್ತೆ ಮೊದಲಿನಿಂದ.

"ರೀ, ಅವನು ಆಗಿಂದ ಅದೇ ಬ್ರೆಡ್ ಕಚ್ತಾ ಇದಾನೆ. ಪ್ರತಿ ಮಾತಿಗೂ ನಿಲ್ಲಬೇಡಿ. ಹೇಳ್ತಾ ಹೋಗಿ. ನನ್ನ ಹೂಂ ಹಿಂದಿಂದ ಬರ್ತಾ ಇರತ್ತೆ."

"ಹೂಂ ಇಲ್ಲದೆ ಹೇಗೆ ಹೇಳ್ಲಿ? ಗೋಡೆಗೆ ಹೇಳಿದ ಹಾಗಾಗತ್ತೆ."

"ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೀರಿ. ಒಂದು ಹೂಂ ಬರತ್ತೆ ಅಂತ ನಂಬೋಕಾಗಲ್ವಾ?"

ನಂಬಿದ ಪಾಪ. ಒಂದೇ ಉಸಿರಿಗೆ ಶುರು ಮಾಡಿದ. ಕ್ಯಾಪ್ಟನ್ ಬ್ರೆಡ್ ಕಚ್ಚಿದ, ಹಲ್ಲಿಗೆ ಹಾಕಿಸಿದ್ದ ಟೋಪಿ ಕಳಚಿ ಬಂತು, ಎಲ್ಲರೂ ಮೇಜಿನ ಕೆಳಗೆ ಹುಡುಕಿದರು, ಸಿಗಲಿಲ್ಲ, ಆಮೇಲೆ ನೋಡಿದರೆ ಅದು ಅವನ ಗಡ್ಡದಲ್ಲೇ ಇತ್ತು, "ಅಷ್ಟಾದ ಮೇಲೂ ನನ್ನನ್ನೇ ದಡ್ಡ ಅಂದ ಕಣೇ!"

ಗಡ್ಡದ ಮಾತಿಗೆ ಇವಳು ಅಂದಿದ್ದ "ಹೌದೌದು!" ಸರಿಯಾಗಿ ಆ ಹೊತ್ತಿಗೆ ಅವನನ್ನು ಮುಟ್ಟಿತು.

"ಏನೇ ಹೌದೌದು? ನೀನೂ ಅವನ ಪಕ್ಷವಾ?"

ತಟ್ಟೆಯಮ್ಮ ನಗುತ್ತಾ ನಗುತ್ತಾ ತಟ್ಟನೆ ನಿಲ್ಲಿಸಿದಳು. ಅಷ್ಟು ಹೊತ್ತು ಬ್ರೆಡ್ಡಿನಲ್ಲೇ ಸಿಕ್ಕಿಕೊಂಡಿದ್ದ ಕತೆ ಅರ್ಧ ನಿಮಿಷದಲ್ಲಿ ಮುಗಿದಿತ್ತು. ಗಂಡನ ಗಂಟಲು ಅದೇ, ಆಕಾಶ ಅದೇ, ದೂರವೂ ಅದೇ. ಬದಲಾದದ್ದು ಒಂದೇ: ಹೂಂಗೆ ಕಾಯುವುದನ್ನು ಬಿಟ್ಟಿದ್ದು.

"ರೀ, ಇಡ್ತೀನಿ."

"ಕೋಪ ಬಂತಾ?"

"ಇಲ್ಲಾರೀ. ಮುದ್ದು ಬಂತು. ಆಸ್ಪತ್ರೆಗೆ ಹೋಗಬೇಕು" ಅಂದು ಇಟ್ಟೇಬಿಟ್ಟಳು. ಆ ಕಡೆ ಗಂಡ ಅದನ್ನು ಏನೆಂದು ತಿಳಿದನೋ ಏನೋ.

ಎಕ್ಸ್‌ರೇ ಮೇಷ್ಟ್ರನ್ನು ಊಟದ ಎಲೆಯಿಂದ ಎಬ್ಬಿಸಿಕೊಂಡು ಹೋಗಿ, ಆಸ್ಪತ್ರೆಯಲ್ಲಿ ಚಿತ್ರ ಕಳಿಸುವ ಹಳೆಯ ಕಂಪ್ಯೂಟರಿನ ಮುಂದೆ ಕೂತಳು. ಚಿತ್ರ ಒಂದೇ ಗಂಟಾಗಿ ಹೋಗುವುದಿಲ್ಲ. ಅದನ್ನು ಲಕ್ಷಾಂತರ ಸಣ್ಣ ತುಂಡು ಮಾಡಿ ಕಳಿಸುತ್ತದೆ ಕಂಪ್ಯೂಟರು. ತುಂಡು ಮುಟ್ಟಿದ ಮೇಲೆ ಆ ಕಡೆಯ ಕಂಪ್ಯೂಟರು "ಮುಟ್ಟಿತು" ಅನ್ನುತ್ತದೆ. ಅದೇ ಹೂಂ. ಈ ಹಳೆಯ ಕಂಪ್ಯೂಟರು ನಲವತ್ತೈದು ತುಂಡು ಕಳಿಸಿ, ಹೂಂ ಬರುವ ತನಕ ಕೈ ಕಟ್ಟಿ ಕೂರುತ್ತಿತ್ತು. ಊರೊಳಗೆ ಹೂಂ ಕಣ್ಣು ಮಿಟುಕಿಸುವ ಮೊದಲೇ ಬರುತ್ತದೆ, ಆದ್ದರಿಂದ ಅಲ್ಲಿ ಅದು ನಡೆಯುತ್ತದೆ. ಆಕಾಶಕ್ಕೆ ಹೋಗಿ ಬರುವ ಹೂಂಗೆ ಅರ್ಧ ಸೆಕೆಂಡಿಗಿಂತ ಮೇಲೆ ಬೇಕು. ಆ ಹೊತ್ತಿನಲ್ಲಿ ಈ ಹೊಸ ದಾರಿಯ ಉದ್ದಕ್ಕೂ ಎರಡು ಸಾವಿರ ತುಂಡು ಸಾಲಾಗಿ ಹಿಡಿಯುತ್ತವೆ. ಹೋಗುತ್ತಿದ್ದದ್ದು ನಲವತ್ತೈದು.

ಸೋಮವಾರ ಇಂಜಿನಿಯರಿಗೆ ಫೋನು ಮಾಡಿದಳು. "ಸಾರ್, ನೀವು ಗಂಟಲು ಅಗಲ ಮಾಡಿದ್ರಿ. ಮಾತಾಡೋನು ಹೂಂ ಕಾಯ್ತಾ ಕೂತಿದಾನೆ."

ಇಂಜಿನಿಯರು "ಛೇ, ನಾನು ಆ ಕಂಪ್ಯೂಟರಿನ ಕಡೆ ನೋಡಲೇ ಇಲ್ಲವಲ್ಲ ಮೇಡಂ," ಅಂದರು. "ಒಂದು ಸಲಕ್ಕೆ ಕಳಿಸೋ ತುಂಡಿನ ಸಂಖ್ಯೆ ಹೆಚ್ಚಿಸಿ. ಅಳತೆ ನೋಡ್ಕೊಂಡು."

ಅಳತೆ ಅನ್ನುವುದೇ ತಟ್ಟೆಯಮ್ಮನಿಗೆ ಆಗದ ಕೆಲಸ. ಇಬ್ಬರಿರುವ ಮನೆಯಲ್ಲಿ ಐವರಿಗೆ ಅನ್ನ ಇಡುವ ಕೈ ಅದು. ಯಾರಾದರೂ ಬಂದರೆ? ಬಂದವರು ಇನ್ನೊಬ್ಬರನ್ನು ಕರೆತಂದರೆ? ಲೆಕ್ಕ ಹೇಳಿದ್ದು ಎರಡು ಸಾವಿರ. ಇವಳು ಹಾಕಿದ್ದು ಇಪ್ಪತ್ತು ಸಾವಿರ. "ಇರಲಿ, ಧಾರಾಳವಾಗಿರಲಿ."

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಮೇಷ್ಟ್ರು ಒಂದು ಹಳೆಯ ಚಿತ್ರ ಕಳಿಸಿದ. ಮೊದಲ ಗಳಿಗೆ ಹಬ್ಬವೋ ಹಬ್ಬ. "ಅಕ್ಕಾ, ಓಡ್ತಾ ಇದೆ! ಕುದುರೆ ಅಕ್ಕಾ, ಕುದುರೆ!" ಆಮೇಲೆ ಕುದುರೆ ಮುಗ್ಗರಿಸಿತು. ಮುಗ್ಗರಿಸಿದ್ದು ಏಳಲೇ ಇಲ್ಲ. ಗುಡ್ಡದ ಮೇಲೆ ಪರದೆಯೆಲ್ಲ ಕೆಂಪು. ಬಂದರಿನ ಮುಖ್ಯಸ್ಥ ಉಸಿರುಗಟ್ಟಿ ಮೆಟ್ಟಿಲು ಹತ್ತಿ ಬಂದ. ಫೋನಿನ ಮೇಲೆ ನಂಬಿಕೆ ಹೋಗಿತ್ತು, ಅದಕ್ಕೆ ಕಾಲೇ ಗತಿ.

"ಏನಮ್ಮ ಇದು? ಹಡಗಿನವನ ಜೊತೆ ಮಾತಾಡ್ತಾ ಇದ್ದೆ. ಅವನು ನೀರಲ್ಲಿ ಮುಳುಗಿ ಮಾತಾಡಿದ ಹಾಗೆ ಗುಳುಗುಳು ಅಂತಾನೆ!"

ಆದದ್ದು ಇಷ್ಟು. ತಟ್ಟೆಮನೆಯಲ್ಲಿ ಒಂದು ಪೆಟ್ಟಿಗೆ ಇದೆ. ಆಕಾಶಕ್ಕೆ ಹಾರಬೇಕಾದ ತುಂಡುಗಳು ಅದರಲ್ಲಿ ಸರತಿ ನಿಲ್ಲಬೇಕು. ಆಸ್ಪತ್ರೆಯ ಕಂಪ್ಯೂಟರು ದಾರಿಗೆ ಹಿಡಿಯುವುದಕ್ಕಿಂತ ಹತ್ತು ಪಟ್ಟು ತಂದು ಸುರಿಯಿತು. ಪೆಟ್ಟಿಗೆ ತುಂಬಿತು, ಮಿಕ್ಕದ್ದು ನೆಲದ ಪಾಲಾಯಿತು. ಊರವರ ಮಾತಿನ ತುಂಡುಗಳು ಆ ಸರತಿಯ ಕೊನೆಯಲ್ಲಿ ನಿಂತು ಹಳಸಿದವು. ಚಿತ್ರವಾದರೂ ಹೋಯಿತೇ ಅಂದರೆ, ಅದೂ ಇಲ್ಲ. ಸಾವಿರಾರು ತುಂಡಿಗೆ ಹೂಂ ಬಾರದಿದ್ದಾಗ ಕಂಪ್ಯೂಟರಿಗೆ ಗಾಬರಿ. ಒಂದೇ ಏಟಿಗೆ ತಗ್ಗಿಹೋಗಿ, ಆಮೇಲೆ ಒಂದು ಸುತ್ತು ಹೂಂ ಬಂದರೆ ಒಂದು ತುಂಡು ಹೆಚ್ಚಿಸುತ್ತಾ, ಮಗು ಮೆಟ್ಟಿಲು ಹತ್ತಿದ ಹಾಗೆ ಹತ್ತಬೇಕು. ಹತ್ತಿರದ ದಾರಿಯಾದರೆ ಆ ಏಣಿ ಬೇಗ ಮುಗಿಯುತ್ತದೆ. ಆಕಾಶದ ದಾರಿಯಲ್ಲಿ ಸಾವಿರ ಮೆಟ್ಟಿಲಿಗೆ ಹತ್ತು ನಿಮಿಷ. ಹತ್ತಿ ಹೋದರೆ ಮೇಲೆ ಮತ್ತೆ ಪೆಟ್ಟಿಗೆ ತುಂಬುತ್ತದೆ, ಮತ್ತೆ ಕೆಳಗೆ. ಅಂದು ಚಿತ್ರ ಮುಟ್ಟಲು ಎರಡು ಗಂಟೆಗೂ ಮೇಲೆ ಹಿಡಿಯಿತು.

ಇಂಜಿನಿಯರ ದನಿಯೂ ಗಟ್ಟಿಯಾಯಿತು. "ಮೇಡಂ, ಊರಿನ ಫೋನೇ ನಿಂತುಹೋಗಿತ್ತು. ಹಳೇದಕ್ಕೇ ತಿರುಗಿಸಿ. ಈ ಪರೀಕ್ಷೆ ಆದಷ್ಟಾಗಲಿ."

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಾ ಇಳಿದು ಬಂದಳು ತಟ್ಟೆಯಮ್ಮ. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸೊಸೆಯ ಮುಖ ನೋಡಿದ್ದೇ, "ಆಗಲಿಲ್ಲ ಅಲ್ವಾ?" ಅಂದಳು.

"ಇಲ್ಲ ಅತ್ತೆ."

"ಹೋಗಲಿ ಬಿಡು. ಎಪ್ಪತ್ತೆಂಟಾಯ್ತು. ನನ್ನ ಜೊತೆಯವರಲ್ಲಿ ಉಳಿದಿರೋದು ನಾನೂ ಬಂದರಿನ ಗಡಿಯಾರವೂ. ಅದೂ ಕೆಟ್ಟು ನಿಂತಿದೆ."

ಅತ್ತೆ ನಗಿಸಲು ಅಂದದ್ದು. ಸೊಸೆಗೆ ನಗು ಬರಲಿಲ್ಲ. ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಬೆಳ್ಳುಳ್ಳಿ ತೆಗೆದುಕೊಂಡಳು. ಸುಲಿಯುತ್ತಲೇ ಕೇಳಿದಳು: "ಅತ್ತೆ, ನೀವು ಮಕ್ಕಳಿಗೆ ಕತೆ ಹೇಳ್ತಿದ್ರಲ್ಲ. ಹೂಂ ನಿಂತುಹೋದ್ರೆ ಏನು ಮಾಡ್ತಿದ್ರಿ?"

"ಹೂಂ ನಿಲ್ಲೋ ತನಕ ಯಾರು ಬಿಡ್ತಿದ್ರು? ನಿಂತ ಮೇಲೆ ಕತೆ ಹಾಳಾದ ಹಾಗೇ ಅಲ್ವಾ. ಮಗು ಮಲಗಿಬಿಟ್ಟಿರತ್ತೆ, ನಾನು ಹೇಳಿದ ಅರ್ಧ ಕತೆ ಗಾಳಿಗೆ. ಮತ್ತೆ ಎಬ್ಬಿಸಿ ಮೊದಲಿಂದ ಹೇಳಬೇಕು."

"ಮತ್ತೆ ಮುಂಚೇನೇ ಹೇಗೆ ಗೊತ್ತಾಗ್ತಿತ್ತು?"

"ಅಯ್ಯೋ ಪೆದ್ದಿ. ಹೂಂ ಎಳೆಯತ್ತೆ ಕಣೇ. ಎಚ್ಚರವಾಗಿರೋ ಮಗು 'ಹೂಂ' ಅಂತ ಟಕ್ಕನೆ ಅನ್ನತ್ತೆ. ಕಣ್ಣಿಗೆ ನಿದ್ದೆ ತುಂಬಿಕೊಂಡ ಮಗು ತಡೆದು ತಡೆದು 'ಹೂಂ...ಂ' ಅನ್ನತ್ತೆ. ಆಗಲೇ ನಾನು ನಿಧಾನ ಮಾಡ್ತಿದ್ದೆ. ರಾಜಕುಮಾರನ್ನ ಒಂದು ಮರದ ಕೆಳಗೆ ಕೂರಿಸಿ, ನೀರು ಕುಡಿಸಿ... ಹೂಂ ಮತ್ತೆ ಚುರುಕಾದ್ರೆ ಕುದುರೆ ಹತ್ತಿಸೋದು. ಹೂಂ ಬಂತೋ ಇಲ್ಲವೋ ಅಂತ ನೋಡೋಳು ಹೊಸಬಳು. ಎಷ್ಟು ತಡವಾಗಿ ಬಂತು ಅಂತ ನೋಡೋಳು ಕತೆ ಹೇಳೋಳು."

ತಟ್ಟೆಯಮ್ಮ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಸಿಪ್ಪೆಯ ರಾಶಿಗೆ ಹಾಕಿ, ಸಿಪ್ಪೆಯನ್ನು ಪಾತ್ರೆಗೆ ಹಾಕಿದಳು. "ಏನು ಮಾಡ್ತಾ ಇದೀಯೇ?" ಅಂತ ಅತ್ತೆ ಕೂಗುವಷ್ಟರಲ್ಲಿ ಗೇಟು ದಾಟಿದ್ದಳು.

ನೂರ ಹನ್ನೆರಡು ಮೆಟ್ಟಿಲು ಹತ್ತಿ, ಬೆಳಗಿನ ದಾಖಲೆ ತೆಗೆದು ನೋಡಿದಳು. ಅತ್ತೆ ಹೇಳಿದ್ದೇ ಅಲ್ಲಿ ಅಂಕಿಯಲ್ಲಿ ಬರೆದಿತ್ತು. ಮೊದಮೊದಲು ಹೂಂಗಳು ಸರಿಯಾಗಿ ಆರುನೂರು ಮಿಲಿಸೆಕೆಂಡಿಗೆ, ಅಂದರೆ ಅರ್ಧ ಸೆಕೆಂಡಿಗೆ ತುಸು ಹೆಚ್ಚಿಗೆ ಬರುತ್ತಿದ್ದವು. ಆಮೇಲೆ ಏಳುನೂರು, ಒಂಬೈನೂರು, ಸಾವಿರದ ನಾನೂರು. ಅಷ್ಟೆಲ್ಲ ಎಳೆದ ಮೇಲೆ ಮೊದಲ ತುಂಡು ನೆಲಕ್ಕೆ ಬಿದ್ದದ್ದು. ಪೆಟ್ಟಿಗೆಯಲ್ಲಿ ಸರತಿ ಬೆಳೆದ ಹಾಗೆಲ್ಲ ಹೂಂ ತಡವಾಗುತ್ತಾ ಬಂದಿದೆ. ಮಗು ತೂಕಡಿಸುತ್ತಿದೆ ಎಂದು ಅದು ಮೊದಲೇ ಹೇಳಿದೆ. ಕಂಪ್ಯೂಟರು ಅದನ್ನು ಕಿವಿಗೆ ಹಾಕಿಕೊಂಡಿಲ್ಲ.

ಅಂಥ ಕಿವಿಯಿಟ್ಟು ತುಂಡು ಕಳಿಸುವ ಬಗೆಯೊಂದು ಆಸ್ಪತ್ರೆಯ ಕಂಪ್ಯೂಟರಿನ ಪಟ್ಟಿಯಲ್ಲಿ ಮೊದಲಿನಿಂದಲೂ ಇತ್ತು. ಯಾರೂ ಮುಟ್ಟಿರಲಿಲ್ಲ, ಅಷ್ಟೇ. ಬುಧವಾರ ಅದನ್ನು ಆರಿಸಿ ಇಂಜಿನಿಯರಿಗೆ ಹೇಳಿದಳು: "ಸಾರ್, ಹೂಂ ತಡವಾದರೆ ಇದು ತಾನೇ ತಗ್ಗತ್ತೆ, ಚುರುಕಾದರೆ ಏರತ್ತೆ. ಸಂಖ್ಯೆ ಈ ಸಲ ಅಳೆದೇ ಹಾಕಿದೀನಿ. ಎರಡೇ ಸಾವಿರ."

"ಮತ್ತೆ ಊರಿನ ಫೋನು?"

"ಊರವರು ಮಾತಾಡೋಕೆ ಶುರು ಮಾಡಿದ್ರೆ ಸರತಿ ಬೆಳೆಯತ್ತೆ, ಹೂಂ ಎಳೆಯತ್ತೆ, ಚಿತ್ರ ಪಕ್ಕಕ್ಕೆ ಸರಿಯತ್ತೆ. ಬೆಳಗಿನ ಜಾವ ಒಮ್ಮೆ ನೋಡ್ತೀನಿ. ಕೆಟ್ಟರೆ ನಾನೇ ತಿರುಗಿಸ್ತೀನಿ."

ಇಂಜಿನಿಯರು ಬಹಳ ಹೊತ್ತು ಯೋಚಿಸಿ ಹೂಂ ಅಂದರು. ಎರಡು ಮುಂಜಾನೆ ನೋಡಿದಳು, ಎರಡು ಸಲವೂ ಕಾಲು ಗಂಟೆಯೊಳಗೆ ಮುಗಿಯಿತು. ಆದರೆ ಅದು ಊರು ಮಲಗಿರುವ ಹೊತ್ತು. ಪರೀಕ್ಷೆ ಇದ್ದದ್ದು ಬೆಳಗ್ಗೆ ಹತ್ತಕ್ಕೆ, ಊರಿಗೆ ಊರೇ ಫೋನು ಹಿಡಿಯುವ ಹೊತ್ತಿಗೆ.

ಪರೀಕ್ಷೆಯ ದಿನಕ್ಕೆ ಅತ್ತೆಯ ಎರಡು ತಿಂಗಳ ಸರದಿಯೂ ಬಂದಿತ್ತು. ಆದ್ದರಿಂದ ಪರೀಕ್ಷೆಗೆ ಹೋಗುವ ಚಿತ್ರ ಅತ್ತೆಯ ತಲೆಯದೇ. "ಅಲ್ಲಾಡಬೇಡಿ! ಮಾತಾಡಬೇಡಿ!" ಎಂದು ಎಕ್ಸ್‌ರೇ ಮೇಷ್ಟ್ರು ಗದರಿದ. "ಅಲ್ಲಾಡದೆ ಇರಬಹುದಪ್ಪ, ಎರಡನೇದು ಕಷ್ಟ" ಎಂದು ಯಂತ್ರದೊಳಗಿನಿಂದ ಅತ್ತೆ.

ತಟ್ಟೆಯಮ್ಮ ಅಂದು ಗುಡ್ಡದ ಮೇಲಿರಲಿಲ್ಲ. ಮೇಷ್ಟ್ರ ಪಕ್ಕದಲ್ಲೇ ಕೂತಿದ್ದಳು. ಹತ್ತು ಗಂಟೆಗೆ ಚಿತ್ರ ಹೊರಟಿತು. ಪರದೆಯ ಮೇಲಿನ ಗೆರೆ ಏರಿತು. ನೂರರಲ್ಲಿ ಹತ್ತು ಪಾಲು, ಇಪ್ಪತ್ತು, ಮೂವತ್ತು. ಏಳನೇ ನಿಮಿಷಕ್ಕೆ ಗೆರೆ ಬಾಗಿತು.

"ಅಕ್ಕಾ, ನಿಧಾನ ಆಯ್ತು! ಬಂದರಿಗೆ ಎರಡು ಹಡಗು ಬಂದಿದೆ, ಎಲ್ಲ ಒಟ್ಟಿಗೆ ಫೋನು ಮಾಡ್ತಾ ಇದಾರೆ. ಸಂಖ್ಯೆ ಹೆಚ್ಚಿಸಿ!"

"ಮುಟ್ಟಬೇಡ."

"ಹೀಗೇ ಹೋದ್ರೆ ಮುಗಿಯಲ್ಲ ಅಕ್ಕಾ!"

"ಮೇಷ್ಟ್ರೇ, ಉಸಿರು ಹಿಡಿ. ಅಲ್ಲಾಡಬೇಡ."

ಅವಳ ಕೈಯೂ ಕೀಲಿಮಣೆಯ ಹತ್ತಿರವೇ ಇತ್ತು. ಇನ್ನೊಂದಿಷ್ಟು ಸುರಿ ಅನ್ನುವುದು ಅವಳ ಹುಟ್ಟುಗುಣ. ಕೈಯನ್ನು ತೆಗೆದು ತೊಡೆಯ ಕೆಳಗಿಟ್ಟುಕೊಂಡು ಕೂತಳು. ಹೂಂಗಳು ಆರುನೂರ ಐವತ್ತು, ಆರುನೂರ ಎಂಬತ್ತು. ಕಂಪ್ಯೂಟರು ತಗ್ಗಿತು. ಒಂದು ತುಂಡೂ ಬೀಳಲಿಲ್ಲ. ಹನ್ನೆರಡನೇ ನಿಮಿಷಕ್ಕೆ ಹಡಗಿನವರ ಮಾತು ಮುಗಿಯಿತೋ ಏನೋ, ಹೂಂಗಳು ಮತ್ತೆ ಆರುನೂರಕ್ಕೆ ಇಳಿದವು. ಗೆರೆ ಮೇಲೆದ್ದಿತು. ಎಂಬತ್ತು, ತೊಂಬತ್ತು. ಹತ್ತೊಂಬತ್ತನೇ ನಿಮಿಷಕ್ಕೆ ಚಿತ್ರ ಮುಟ್ಟಿತು. ಮೇಷ್ಟ್ರು ಅಲ್ಲಿಯ ತನಕ ನಿಜವಾಗಿಯೂ ಉಸಿರು ಹಿಡಿದಿದ್ದನೋ ಅನ್ನುವ ಹಾಗೆ ಬುಸ್ಸೆಂದು ಬಿಟ್ಟ.

ಇಂಜಿನಿಯರು ಫೋನಿನಲ್ಲಿ "ಭೇಷ್ ಮೇಡಂ" ಅಂದರು. "ನಮ್ಮ ಉಳಿದ ತಟ್ಟೆಯವರಿಗೂ ಇದನ್ನ ಹೇಳಿಕೊಡ್ತೀರಾ?"

"ಹೇಳಿಕೊಡ್ತೀನಿ ಸಾರ್. ಆದರೆ ನಮ್ಮತ್ತೆ ಹೇಳಿದ್ದು ಅಂತ ಬರೀಬೇಕು."

ಇನ್ನರ್ಧ ಗಂಟೆಗೆ ಡಾಕ್ಟರಮ್ಮನ ಫೋನು. ಅತ್ತೆಯ ಕೈಗೇ ಕೊಟ್ಟರು.

"ಅಜ್ಜೀ, ನೋಡಿದೆ. ಗಂಟು ಇದ್ದ ಜಾಗ ಶುದ್ಧವಾಗಿದೆ. ಎರಡು ತಿಂಗಳು ಬಿಟ್ಟು ಮತ್ತೆ ಬನ್ನಿ."

ಅತ್ತೆಯ ಮುಖ ಬಿಳಿಚಿತು. "ಎಲ್ಲಿಗೆ ತಾಯಿ?"

ಆ ಅರ್ಧ ಸೆಕೆಂಡು ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ.

"ಅಲ್ಲಿಗೇ ಅಜ್ಜೀ, ಈಗ ಕೂತಿದೀರಲ್ಲ ಅಲ್ಲಿಗೇ. ಚಿತ್ರ ಮಾತ್ರ ನನ್ನ ಹತ್ತಿರ ಬರಲಿ."

ಅತ್ತೆ ಫೋನನ್ನು ಮೇಷ್ಟ್ರ ಕೈಗಿಟ್ಟು, ಸೆರಗು ಕೊಡವಿ ಎದ್ದಳು. ಆಸ್ಪತ್ರೆಯಿಂದ ಮನೆಗೆ ಮೂರೇ ಬೀದಿ. ಇಳಿಜಾರು ಬೇರೆ. ತಟ್ಟೆಯಮ್ಮ ಅಂದು ಅರ್ಧ ದಿನ ರಜೆ ಹಾಕಿದ್ದಳು, ಬೇಗ ಹೋಗಿ ಅಡುಗೆ ಮಾಡುವ ಎಂದುಕೊಂಡಿದ್ದಳು. ಅತ್ತೆ ಮೊದಲ ಮನೆಯ ಗೇಟಿಗೇ ನಿಂತಳು.

"ಏನು ಅಜ್ಜೀ, ಆಸ್ಪತ್ರೆ ಕಡೆಯಿಂದ?" ಎಂದಳು ಆ ಮನೆಯವಳು.

"ಇಲ್ಲಮ್ಮ, ದೊಡ್ಡ ಊರಿಗೆ ಹೋಗಿದ್ದೆ. ತಲೆ ಒಂದನ್ನೇ ಕಳಿಸಿದ್ದೆ. ಹತ್ತೊಂಬತ್ತು ನಿಮಿಷಕ್ಕೆ ಹೋಯ್ತು. ವಾಂತಿ ಇಲ್ಲ, ಏನಿಲ್ಲ."

ಎರಡನೇ ಮನೆಯಲ್ಲಿ ಹತ್ತೊಂಬತ್ತು ನಿಮಿಷ ಹದಿನೈದಾಯಿತು. ಸೈಕಲ್ ರಿಪೇರಿಯವನ ಮುಂದೆ ಹತ್ತಾಯಿತು. ದರ್ಜಿಯ ಅಂಗಡಿಗೆ ಬರುವಷ್ಟರಲ್ಲಿ ಅತ್ತೆಯ ತಲೆ ಹೋಗಿ ಬಂದದ್ದಲ್ಲದೆ ದಾರಿಯಲ್ಲಿ ಇಬ್ಬರು ನೆಂಟರನ್ನು ಮಾತಾಡಿಸಿಕೊಂಡೂ ಬಂದಿತ್ತು. ದರ್ಜಿ ಕತ್ತರಿ ಕೆಳಗಿಟ್ಟು, ಅತ್ತೆಗೆ ಸ್ಟೂಲು ಎಳೆದುಕೊಟ್ಟ. ತಟ್ಟೆಯಮ್ಮ ಅಂಗಡಿಯ ಕಟ್ಟೆಯ ಮೇಲೆ ಬಟ್ಟೆ ತುಂಡುಗಳನ್ನು ಪಕ್ಕಕ್ಕೆ ಸರಿಸಿ ತಾನೂ ಕೂತಳು. ಹಸಿವಾಗುತ್ತಿತ್ತು. ಅವಸರ ಮಾಡಲಿಲ್ಲ.